ಕಾವಲಿನ ಕಾಯಕಕ್ಕೂ ಅರಿವು ಬೇಕು

ಪ್ರತಿ ವರ್ಷ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನಮ್ಮ ಮಠಗಳಲ್ಲಿ, ಸಮಾಜದ ಭವನಗಳಲ್ಲಿ ಪ್ರತಿಭಾ ಪುರಸ್ಕಾರಗಳು ಸಾಲುಸಾಲಾಗಿ ನಡೆಯುತ್ತವೆ. ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸಿ, ಬಸವಣ್ಣನವರ ಭಾವಚಿತ್ರ ಕೊಟ್ಟು, ಪೂಜ್ಯರಿಂದ ಆಶೀರ್ವಾದ ಮಾಡಿಸುತ್ತೇವೆ. ಮುಂದೆ ಏನು ಓದುತ್ತೀ ಎಂದು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಎರಡೇ: ಡಾಕ್ಟರ್, ಇಲ್ಲವೇ ಇಂಜಿನಿಯರ್. ತಂದೆತಾಯಿಗಳಿಗೂ ಅದೇ ಸಮಾಧಾನ, ಸಮಾಜದ ಮುಖಂಡರಿಗೂ ಅದೇ ಹೆಮ್ಮೆ.

ಎರಡೂ ಗೌರವದ ಕಾಯಕಗಳೇ, ತಕರಾರಿಲ್ಲ. 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದಾಗ ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಲ್ಲವರೇ ಅಪರೂಪ. ಆಗ ಸಮಾಜಕ್ಕೆ ಬೇಕಾಗಿದ್ದವರು ಶಿಕ್ಷಕರು, ವಕೀಲರು, ವೈದ್ಯರು. ಹಿರಿಯರು ಆ ಕಾಲದ ಕೊರತೆಯನ್ನು ಗುರುತಿಸಿ ಅದಕ್ಕೆ ತಕ್ಕ ವಿದ್ಯೆಯನ್ನು ಕೊಡಿಸಿದರು. ನಮ್ಮ ಕಾಲದ ಕೊರತೆ ಯಾವುದು ಎಂದು ನಾವು ಕೇಳಿಕೊಂಡಿದ್ದೇವೆಯೇ?

ಈ ಲೇಖನದಲ್ಲಿ ಅಂಥ ಒಂದು ಕೊರತೆಯ ಕಡೆ ಸಮಾಜದ ಗಮನ ಸೆಳೆಯಬೇಕೆಂದಿದ್ದೇನೆ. ರಾಷ್ಟ್ರೀಯ ಭದ್ರತೆ ಮತ್ತು ಸೈಬರ್ ಭದ್ರತಾ ನೀತಿ ಎಂಬ ಸ್ನಾತಕೋತ್ತರ ವಿದ್ಯೆಯೊಂದು ಇಂದು ಬೆಳೆಯುತ್ತಿದೆ. ಅದಕ್ಕೆ ನಮ್ಮ ಮಕ್ಕಳು ಹೋಗಬೇಕು; ಅವರನ್ನು ಕಳಿಸಲು ಮಠಗಳು, ವಿದ್ಯಾಸಂಸ್ಥೆಗಳು ಮುಂದಾಗಬೇಕು. ಜೊತೆಗೆ ಅವರು ಹೋಗುವಾಗ ಶರಣರು ಕೊಟ್ಟ ಕಣ್ಣನ್ನೂ ತೆಗೆದುಕೊಂಡು ಹೋಗಬೇಕು. ಆ ಕಣ್ಣಿಲ್ಲದಿದ್ದರೆ ಈ ವಿದ್ಯೆ ಪ್ರಜೆಗೆ ರಕ್ಷಣೆಯಾಗುವ ಬದಲು ಭಾರವಾದೀತು.

ಇದು ಎಂಥ ವಿದ್ಯೆ?

ಸೈಬರ್ ಭದ್ರತೆ ಎಂದ ಕೂಡಲೇ ಕಂಪ್ಯೂಟರ್ ಮುಂದೆ ಕುಳಿತು ಕೋಡ್ ಬರೆಯುವ ಹುಡುಗ ನೆನಪಾಗುತ್ತಾನೆ. ಅದು ಅರ್ಧ ಮಾತ್ರ. ಬೀಗ ಮಾಡುವುದು ಒಂದು ಕಸುಬು. ಯಾವ ಬಾಗಿಲಿಗೆ ಬೀಗ ಬೇಕು, ಕೀಲಿ ಯಾರ ಕೈಯಲ್ಲಿರಬೇಕು, ಕಳುವಾದರೆ ಯಾರು ಉತ್ತರ ಕೊಡಬೇಕು ಎಂದು ನಿರ್ಣಯಿಸುವುದು ಇನ್ನೊಂದು ಕಸುಬು. ಈ ಎರಡನೆಯದೇ ನೀತಿಯ ವಿದ್ಯೆ.

ಒಂದು ಉದಾಹರಣೆ ನೋಡೋಣ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ರಾನ್ಸಮ್‌ವೇರ್ ದಾಳಿ ನಡೆಯಿತು. ದೇಶದ ಪ್ರತಿಷ್ಠಿತ ಸರಕಾರಿ ಆಸ್ಪತ್ರೆಯಲ್ಲಿ ಹಲವು ದಿನ ರೋಗಿಗಳ ಚೀಟಿ, ದಾಖಲಾತಿ, ಪ್ರಯೋಗಾಲಯದ ವರದಿ ಎಲ್ಲವನ್ನೂ ಕೈಯಿಂದ ಬರೆಯಬೇಕಾಯಿತು. ದೂರದ ಊರುಗಳಿಂದ ಬಂದ ಬಡ ರೋಗಿಗಳು ಸರದಿಯಲ್ಲಿ ಕಾದರು. ವೈರಸ್ ಹೇಗೆ ಒಳಬಂತು, ಫೈಲುಗಳನ್ನು ಹೇಗೆ ಬಿಡಿಸುವುದು ಎಂಬುದು ಇಂಜಿನಿಯರನ ಪ್ರಶ್ನೆ. ನೀತಿ ಓದಿದವನ ಪ್ರಶ್ನೆಗಳೇ ಬೇರೆ. ಆಸ್ಪತ್ರೆಯನ್ನು ವಿದ್ಯುತ್ ಜಾಲ, ರೈಲು, ಬ್ಯಾಂಕುಗಳಂತೆ ದೇಶದ ಅತಿಮುಖ್ಯ ವ್ಯವಸ್ಥೆ ಎಂದು ಪರಿಗಣಿಸಬೇಕೇ? ಸುದ್ದಿಯನ್ನು ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು? ಸುಲಿಗೆಕೋರರು ಕೇಳಿದ ಹಣ ಕೊಡಬಹುದೇ? ಸೋರಿಹೋದ ಮಾಹಿತಿಯ ಒಡೆಯನಾದ ರೋಗಿಗೆ ಯಾರು ಹೇಳಬೇಕು? ಪ್ರತಿ ಪ್ರಶ್ನೆಯ ಹಿಂದೆಯೂ ಒಂದು ಕಾನೂನಿದೆ, ಒಂದು ಕಚೇರಿಯಿದೆ, ಒಂದು ಅಧಿಕಾರವಿದೆ.

ಆದ್ದರಿಂದ ಈ ತರಗತಿಗಳಲ್ಲಿ ಹಲವು ವಿಷಯಗಳು ಕೂಡಿ ಬರುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಮತ್ತು ಅದರ 2008ರ ತಿದ್ದುಪಡಿಯನ್ನು ಓದಬೇಕಾಗುತ್ತದೆ. 2004ರಿಂದ ಕೆಲಸ ಮಾಡುತ್ತಿರುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವನ್ನು ತಿಳಿಯಬೇಕಾಗುತ್ತದೆ. ಅದರ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಅಂತರರಾಷ್ಟ್ರೀಯ ಕಾನೂನು, ಅರ್ಥಶಾಸ್ತ್ರ, ಸಂವಿಧಾನದ ಮೂಲಭೂತ ಹಕ್ಕುಗಳು, ಇವುಗಳ ಜೊತೆಗೆ ಜಾಲತಂತ್ರಜ್ಞಾನದ ಪ್ರಾಥಮಿಕ ತಿಳಿವಳಿಕೆಯೂ ಬೇಕು.

ಸಣ್ಣ ದೇಶಗಳು ಇದನ್ನು ನಮಗಿಂತ ಮೊದಲೇ ಅರ್ಥಮಾಡಿಕೊಂಡವು. ಎಸ್ಟೋನಿಯಾದ ಜನಸಂಖ್ಯೆ ನಮ್ಮ ಒಂದು ಮಧ್ಯಮ ಗಾತ್ರದ ಜಿಲ್ಲೆಯಷ್ಟು, ಸುಮಾರು 13 ಲಕ್ಷ. 2007ರಲ್ಲಿ ಒಂದು ಸೋವಿಯತ್ ಕಾಲದ ಸ್ಮಾರಕವನ್ನು ಸ್ಥಳಾಂತರಿಸಿದ ಜಗಳದ ಬೆನ್ನಲ್ಲೇ ಅಲ್ಲಿನ ಬ್ಯಾಂಕು, ಪತ್ರಿಕೆ, ಸರಕಾರಿ ಜಾಲತಾಣಗಳ ಮೇಲೆ ವಾರಗಟ್ಟಲೆ ದಾಳಿ ನಡೆಯಿತು. ಆ ದೇಶ ಪೆಟ್ಟು ತಿಂದು ಸುಮ್ಮನೆ ಕೂರಲಿಲ್ಲ. ಮರುವರ್ಷವೇ ರಾಜಧಾನಿ ಟ್ಯಾಲಿನ್‌ನಲ್ಲಿ ನ್ಯಾಟೋ ಒಕ್ಕೂಟದ ಸೈಬರ್ ರಕ್ಷಣಾ ಅಧ್ಯಯನ ಕೇಂದ್ರ ಸ್ಥಾಪನೆಯಾಯಿತು. ಯುದ್ಧದ ಅಂತರರಾಷ್ಟ್ರೀಯ ನಿಯಮಗಳು ಸೈಬರ್ ದಾಳಿಗೆ ಹೇಗೆ ಅನ್ವಯಿಸುತ್ತವೆ ಎಂದು ವಿದ್ವಾಂಸರು ಅಲ್ಲಿ ಕುಳಿತು ಚರ್ಚಿಸಿ 2013ರಲ್ಲಿ ಟ್ಯಾಲಿನ್ ಕೈಪಿಡಿ ಹೊರತಂದರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಈ ವಿಷಯ ಓದಿದರೂ ಆ ಕೈಪಿಡಿಯನ್ನು ತೆರೆಯದೆ ಮುಂದೆ ಹೋಗುವಂತಿಲ್ಲ. ದೇಶ ಚಿಕ್ಕದಾದರೂ ಅರಿವು ದೊಡ್ಡದಾದರೆ ಲೋಕವೇ ಕಿವಿಗೊಡುತ್ತದೆ.

ನಮ್ಮ ದೇಶವೂ 2013ರಲ್ಲೇ ರಾಷ್ಟ್ರೀಯ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿತು. ಐದು ವರ್ಷಗಳಲ್ಲಿ 5 ಲಕ್ಷ ತಜ್ಞರನ್ನು ಸಿದ್ಧಪಡಿಸುವ ಗುರಿ ಅದರಲ್ಲಿತ್ತು. ಆಗ ಯು.ಪಿ.ಐ. ಹುಟ್ಟಿರಲಿಲ್ಲ; ಅದು ಬಂದದ್ದು 2016ರಲ್ಲಿ. ಇಂದು ತರಕಾರಿ ಗಾಡಿಯ ಮೇಲೂ ಕ್ಯೂಆರ್ ಕೋಡ್ ತೂಗುತ್ತಿದೆ. ಆದರೆ ಒಂದು ದಶಕ ಕಳೆದರೂ ಆ ಹಳೆಯ ನೀತಿಯ ಜಾಗಕ್ಕೆ ಹೊಸದು ಪ್ರಕಟವಾಗಲಿಲ್ಲ. ಹಣ ಓಡಾಡುವ ವೇಗಕ್ಕೆ ನೀತಿ ಬರೆಯುವವರ ಸಂಖ್ಯೆ ಸಾಲುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮನೆಬಾಗಿಲಿಗೆ ಬಂದ ಕಳ್ಳ

ಇದೆಲ್ಲ ದೆಹಲಿಯ ಮಾತು, ನಮಗೇನು ಎನ್ನುವವರಿದ್ದಾರೆ. ಕೇಂದ್ರ ಸರಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ಸೈಬರ್ ವಂಚನೆಯಿಂದ ಭಾರತೀಯರು 2023ರಲ್ಲಿ ಕಳೆದುಕೊಂಡದ್ದು ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿಗೆ ಏರಿತು. ಒಂದೇ ವರ್ಷದಲ್ಲಿ ಮೂರು ಪಟ್ಟು. ಈ ಹಣ ಶ್ರೀಮಂತರದಷ್ಟೇ ಅಲ್ಲ. ನಿವೃತ್ತ ಶಿಕ್ಷಕರ ಪಿಂಚಣಿ ಇದರಲ್ಲಿದೆ, ಮಗಳ ಮದುವೆಗೆಂದು ಕೂಡಿಟ್ಟ ಠೇವಣಿಯಿದೆ, ಹೊಲ ಮಾರಿ ಬಂದ ದುಡ್ಡಿದೆ.

'ಡಿಜಿಟಲ್ ಅರೆಸ್ಟ್' ಎಂಬ ಮೋಸವನ್ನೇ ನೋಡಿ. ಪೊಲೀಸ್ ಸಮವಸ್ತ್ರ ಧರಿಸಿದವನೊಬ್ಬ ವಿಡಿಯೋ ಕರೆಯಲ್ಲಿ ಬಂದು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಕರೆ ಕಡಿತಗೊಳಿಸಿದರೆ ಬಂಧಿಸುತ್ತೇವೆ ಎಂದು ಹೆದರಿಸುತ್ತಾನೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಆದರೂ ಓದಿದವರೇ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮೊಬೈಲ್ ಮುಂದೆ ಕೂತು ಹಣ ಕಳಿಸುತ್ತಾರೆ. ಹೀಗೆ ಮೋಸ ಹೋದವರನ್ನು ದಡ್ಡರೆಂದು ಹಂಗಿಸುವುದು ಸುಲಭ. ಅವರನ್ನು ಮಣಿಸಿದ್ದು ದಡ್ಡತನವಲ್ಲ, ಅಧಿಕಾರದ ಭಯ. ಸಮವಸ್ತ್ರ ಕಂಡರೆ ಪ್ರಶ್ನಿಸದೆ ತಲೆಬಾಗಬೇಕು ಎಂದು ಕಲಿಸಿದ ಸಮಾಜದಲ್ಲಿ ಕಳ್ಳನಿಗೆ ಸಮವಸ್ತ್ರವೇ ಸಾಕು.

ಹೋದ ಹಣಕ್ಕೆ ಯಾರು ಹೊಣೆ ಎಂಬುದು ನೀತಿಯ ಪ್ರಶ್ನೆ. ಭಾರತೀಯ ರಿಸರ್ವ್ ಬ್ಯಾಂಕು 2017ರಲ್ಲಿ ಹೊರಡಿಸಿದ ಸುತ್ತೋಲೆಯಂತೆ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಮೂರನೆಯವರಿಂದ ಹಣ ಹೋದಾಗ, ಗ್ರಾಹಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನ ಮೇಲೆ ಬೀಳುವುದಿಲ್ಲ. ಆದರೆ ಹೆದರಿ ತಾನೇ ಹಣ ಕಳಿಸಿದ ವೃದ್ಧನಿಗೆ ಆ ಸುತ್ತೋಲೆಯಲ್ಲಿ ಆಸರೆ ಇಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಬೇರೆ ನಿಯಮ ಜಾರಿಯಲ್ಲಿದೆ. ಮೋಸಕ್ಕೆ ಸಿಕ್ಕು ತಾನೇ ಹಣ ವರ್ಗಾಯಿಸಿದವನಿಗೂ 85,000 ಪೌಂಡ್‌ವರೆಗೆ ಮರಳಿ ಕೊಡಬೇಕು. ಆ ಭಾರವನ್ನು ಹಣ ಕಳಿಸಿದ ಬ್ಯಾಂಕು, ಹಣ ಪಡೆದ ಬ್ಯಾಂಕು ಸಮನಾಗಿ ಹೊರಬೇಕು. ಕಳ್ಳನ ಖಾತೆಗೆ ಜಾಗ ಕೊಟ್ಟ ಬ್ಯಾಂಕಿಗೂ ಬಿಸಿ ತಟ್ಟಿದಾಗ ಅದು ಎಚ್ಚರದಿಂದಿರುತ್ತದೆ ಎಂಬುದು ಅಲ್ಲಿನ ತರ್ಕ. ನಮ್ಮಲ್ಲಿ ಇದು ಸರಿಹೊಂದುತ್ತದೆಯೇ, ಸಣ್ಣ ಬ್ಯಾಂಕುಗಳು ಈ ಭಾರ ಹೊರಬಲ್ಲವೇ? ಹೇಳುವುದಕ್ಕೆ ಓದಿದವರು ಬೇಕು. ಇಂಥ ಒಂದು ನಿಯಮ ಒಂದು ಸಾವಿರ ಜಾಗೃತಿ ಭಾಷಣಗಳಿಗಿಂತ ಹೆಚ್ಚು ಜನರ ಕಣ್ಣೀರು ಒರೆಸಬಲ್ಲದು.

ಸಣ್ಣ ಬ್ಯಾಂಕಿನ ಮಾತು ಬಂದಾಗ ನಮ್ಮವರು ಇನ್ನಷ್ಟು ಕಿವಿ ನೆಟ್ಟಗೆ ಮಾಡಬೇಕು. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕು ನೂರು ವರ್ಷಕ್ಕೂ ಹಳೆಯದು. 2018ರ ಆಗಸ್ಟ್‌ನಲ್ಲಿ ಅದರ ಗಣಕ ವ್ಯವಸ್ಥೆಗೆ ನುಗ್ಗಿದವರು ನಕಲಿ ಕಾರ್ಡುಗಳ ಮೂಲಕ ಹಲವು ದೇಶಗಳ ಎಟಿಎಂಗಳಿಂದ ಗಂಟೆಗಳ ಅವಧಿಯಲ್ಲಿ ಹಣ ತೆಗೆದರು. ಒಟ್ಟು ಹೋದದ್ದು ಸುಮಾರು 94 ಕೋಟಿ ರೂಪಾಯಿ. ಉತ್ತರ ಕರ್ನಾಟಕದ ಊರೂರಿನಲ್ಲಿ ನಮ್ಮ ಹಿರಿಯರು ಕಟ್ಟಿದ ಪತ್ತಿನ ಸಂಘಗಳಿವೆ, ಅರ್ಬನ್ ಬ್ಯಾಂಕುಗಳಿವೆ, ಸೌಹಾರ್ದ ಸಹಕಾರಿಗಳಿವೆ. ಹಲವುಗಳಿಗೆ ಬಸವಣ್ಣನವರ, ಅಕ್ಕಮಹಾದೇವಿಯ ಹೆಸರಿದೆ. ಆಡಳಿತ ಮಂಡಳಿಯ ಚುನಾವಣೆಗೆ ನಾವು ತೋರುವ ಉತ್ಸಾಹದ ಹತ್ತನೆಯ ಒಂದು ಪಾಲನ್ನಾದರೂ ಅವುಗಳ ಗಣಕ ಸುರಕ್ಷೆಗೆ ತೋರುತ್ತಿದ್ದೇವೆಯೇ?

ನಂಬಿ ಒಪ್ಪಿಸಿದ ಭಂಡಾರ

ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಗಳಾಗಿದ್ದರು. ರಾಜಭಂಡಾರದ ಹಣವನ್ನು ಜಂಗಮ ದಾಸೋಹಕ್ಕೆ ಬಳಸುತ್ತಿದ್ದಾರೆಂದು ಚಾಡಿಕೋರರು ದೂರು ಕೊಟ್ಟಾಗ ಅವರು ಲೆಕ್ಕವನ್ನು ತೆರೆದಿಟ್ಟರು, ಒಂದು ಹೊನ್ನೂ ಕಡಿಮೆ ಬರಲಿಲ್ಲ ಎಂದು ನಮ್ಮ ಪರಂಪರೆ ಹೇಳುತ್ತದೆ. ಬೇರೆಯವರ ಸೊತ್ತನ್ನು ಕಾಯುವವನು ಯಾವ ಗಳಿಗೆಯಲ್ಲಿ ಕೇಳಿದರೂ ಲೆಕ್ಕ ತೋರಿಸಲು ಸಿದ್ಧನಿರಬೇಕು. ಇದು ಶರಣರು ಕಲಿಸಿದ ಸಾರ್ವಜನಿಕ ನೀತಿ.

ಇಂದು ಭಂಡಾರದಲ್ಲಿರುವುದು ಹೊನ್ನಷ್ಟೇ ಅಲ್ಲ, ಮಾಹಿತಿ. ಪ್ರಸಾದ ನಿಲಯಕ್ಕೆ ಸೇರುವ ಮಗುವಿನ ಅರ್ಜಿಯಲ್ಲಿ ಜಾತಿ, ಆದಾಯ, ಆಧಾರ್ ಸಂಖ್ಯೆ, ತಂದೆಯ ಮೊಬೈಲ್ ಸಂಖ್ಯೆ ಎಲ್ಲ ಇರುತ್ತವೆ. ನಮ್ಮ ಆಸ್ಪತ್ರೆಗಳಲ್ಲಿ ಲಕ್ಷಾಂತರ ರೋಗಿಗಳ ಗುಟ್ಟುಗಳಿವೆ. ವಧೂವರರ ಸಮಾವೇಶಕ್ಕೆಂದು ಹೆಣ್ಣುಮಕ್ಕಳ ಭಾವಚಿತ್ರ, ಸಂಬಳ, ವಿಳಾಸಗಳನ್ನು ಪುಸ್ತಕ ಮಾಡಿ ಹಂಚುತ್ತೇವೆ. ಅದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ಕೇಳಿದರೆ, ಒಳ್ಳೆಯ ಉದ್ದೇಶಕ್ಕೇ ಮಾಡಿದ್ದು ಎನ್ನುತ್ತೇವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಳ್ಳೆಯ ಉದ್ದೇಶವೊಂದೇ ಸಾಲದು ಎನ್ನುತ್ತದೆ. ಯಾವ ಕೆಲಸಕ್ಕೆಂದು ಹೇಳಿ ಮಾಹಿತಿ ಪಡೆದಿರೋ ಆ ಕೆಲಸಕ್ಕೆ ಮಾತ್ರ ಬಳಸಬೇಕು. ಅದಕ್ಕೆ ಬೇಕಾದಷ್ಟನ್ನೇ ಪಡೆಯಬೇಕು. 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಕಾಪಾಡಲು ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಇದನ್ನು ಓದುವಾಗ ಆಯ್ದಕ್ಕಿ ಲಕ್ಕಮ್ಮ ನೆನಪಾಗದಿರಲಾರಳು. ಮಾರಯ್ಯ ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಬೇಕಾದುದಕ್ಕಿಂತ ಹೆಚ್ಚು ಕೂಡಿಡುವುದೇ ತಪ್ಪು ಎಂಬ ತತ್ವ ಕಾನೂನಿನ ಪುಸ್ತಕಕ್ಕೆ ಬರಲು ಎಂಟು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ನಮಗೆ ಮೊದಲೇ ಗೊತ್ತಿತ್ತು ಎಂದು ಬೀಗುವುದರಿಂದ ಪ್ರಯೋಜನವಿಲ್ಲ. ಗೊತ್ತಿದ್ದುದನ್ನು ನಮ್ಮ ಸಂಸ್ಥೆಗಳ ಕಚೇರಿಯಲ್ಲಿ ಆಚರಣೆಗೆ ತಂದರೆ ಮಾತ್ರ ಲಕ್ಕಮ್ಮನ ಹೆಸರು ಹೇಳಲು ನಮಗೆ ಹಕ್ಕು.

ಕಾವಲುಗಾರನನ್ನು ಕಾಯುವವರು ಯಾರು?

ಈಗ ಅತಿಮುಖ್ಯವಾದ ಮಾತಿಗೆ ಬರುತ್ತೇನೆ. ಭದ್ರತೆಯ ಹೆಸರಿನಲ್ಲಿ ಪ್ರಭುತ್ವ ಏನು ಮಾಡಬಲ್ಲದು ಎಂಬುದು ಲಿಂಗಾಯತರಿಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಲ್ಲ. ಅದು ನಮ್ಮ ಹುಟ್ಟಿನ ಕಥೆಯಲ್ಲೇ ಇದೆ. ಹರಳಯ್ಯನವರ ಮಗ, ಮಧುವರಸರ ಮಗಳು ಮದುವೆಯಾದದ್ದು ಅವರ ಮನೆಯ ವಿಷಯ. ಕೊಂಡೆಯ ಮಂಚಣ್ಣನಂಥವರು ಅದನ್ನು ರಾಜನ ಕಿವಿಗೆ ಹಾಕಿದರು. ಸಮಾಜದ ಕಟ್ಟಳೆ ಕೆಟ್ಟಿತು, ರಾಜ್ಯಕ್ಕೆ ಅಪಾಯ ಎಂದರು. ಶರಣರಿಗೆ ಎಳೆಹೂಟೆ ಶಿಕ್ಷೆಯಾಯಿತು, ಕಲ್ಯಾಣ ರಕ್ತದಲ್ಲಿ ನೆನೆಯಿತು. ಯಾರೊಡನೆ ಕೂಡಿ ಬಾಳಬೇಕು, ಏನನ್ನು ನಂಬಬೇಕು ಎಂಬುದನ್ನು ಗೂಢಚಾರರು ಅಳೆಯತೊಡಗಿದಾಗ ಎಂಥ ಅನಾಹುತವಾಗುತ್ತದೆ ಎಂಬುದಕ್ಕೆ ಕಲ್ಯಾಣಕ್ಕಿಂತ ದೊಡ್ಡ ಪಾಠವಿಲ್ಲ.

ಆಗ ವಚನಗಳ ಕಟ್ಟುಗಳನ್ನು ಹೊತ್ತು ಚನ್ನಬಸವಣ್ಣ, ಅಕ್ಕನಾಗಮ್ಮ ಮೊದಲಾದ ಶರಣರು ಉಳವಿಯತ್ತ ನಡೆದರು. ಮಡಿವಾಳ ಮಾಚಿದೇವರು ಬೆನ್ನಿಗೆ ನಿಂತು ಕಾದರು ಎಂದು ಪರಂಪರೆ ಸ್ಮರಿಸುತ್ತದೆ. ಅರಿವನ್ನು ಕಾಯುವುದಕ್ಕೆ ಪ್ರಾಣ ಕೊಟ್ಟ ಸಮಾಜ ನಮ್ಮದು. ಮುಂದೆ ಆ ತಾಡೋಲೆಗಳನ್ನು ಮನೆಮನೆ ಹುಡುಕಿ ತಂದ ಫ.ಗು. ಹಳಕಟ್ಟಿಯವರು ವೃತ್ತಿಯಲ್ಲಿ ವಕೀಲರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು, 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿ, ಒಂದು ಕಡೆ ಬಚ್ಚಿಟ್ಟಿದ್ದನ್ನು ಎಲ್ಲರ ಕೈಗೆ ಹಂಚಿದರು. ಯಾವುದನ್ನು ಕಾಯಬೇಕು, ಯಾವುದನ್ನು ಹಂಚಬೇಕು ಎಂಬ ವಿವೇಕವೇ ಭದ್ರತೆಯ ತಿರುಳು.

ಈ ವಿವೇಕ ನಮ್ಮ ಕಾಲದಲ್ಲಿ ನ್ಯಾಯಾಲಯಗಳಲ್ಲಿ ಪರೀಕ್ಷೆಗೆ ಬಂದಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿ ಜಾಲತಾಣದಲ್ಲಿ ಕಿರಿಕಿರಿಯಾಗುವ ಮಾತು ಬರೆದವರನ್ನೂ ಜೈಲಿಗೆ ಕಳಿಸುವಷ್ಟು ಸಡಿಲವಾಗಿತ್ತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆದರೂ ಕೆಲವು ಪೊಲೀಸ್ ಠಾಣೆಗಳಲ್ಲಿ ಅದೇ ವಿಧಿಯಡಿ ಮೊಕದ್ದಮೆಗಳು ಬೀಳುತ್ತಲೇ ಇದ್ದವು. 2021ರಲ್ಲಿ ನ್ಯಾಯಾಲಯವೇ ಆಘಾತ ವ್ಯಕ್ತಪಡಿಸಬೇಕಾಯಿತು. ಕಾನೂನು ಸತ್ತರೂ ಅಭ್ಯಾಸ ಸಾಯಲಿಲ್ಲ. ಈ ಅಂತರ ತುಂಬುವುದು ಕೂಡ ನೀತಿ ಓದಿದವರ ಕೆಲಸ.

ಇನ್ನೊಂದು ತೀರ್ಪಿನಲ್ಲಿ ನಮ್ಮ ನಾಡಿನ ಹೆಸರೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರ ವಯಸ್ಸು 80 ದಾಟಿತ್ತು. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮದುವೆ, ಕುಟುಂಬ, ನಂಬಿಕೆಗಳ ಆಯ್ಕೆ ಆ ಹಕ್ಕಿನೊಳಗೆ ಬರುತ್ತದೆ ಎಂದಿತು. ಪ್ರಭುತ್ವ ಅದರಲ್ಲಿ ಕೈಹಾಕಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು. ಹರಳಯ್ಯ-ಮಧುವರಸರಿಗೆ ಇಂಥ ರಕ್ಷಣೆ ಇರಲಿಲ್ಲ. ನಮ್ಮ ಮಕ್ಕಳಿಗಿದೆ. ಅದನ್ನು ಉಳಿಸಿಕೊಳ್ಳಬೇಕು. ಅದೇ 2023ರ ಕಾಯ್ದೆಯಲ್ಲಿ ಸರಕಾರಕ್ಕೆ ಭದ್ರತೆಯ ಕಾರಣದಿಂದ ವಿಶಾಲವಾದ ವಿನಾಯಿತಿಗಳಿವೆ, ಮಾಹಿತಿ ಹಕ್ಕು ಕಾಯ್ದೆಯ ಒಂದು ವಿಧಿಯನ್ನೂ ಅದು ತಿದ್ದಿದೆ ಎಂಬ ಆಕ್ಷೇಪ ಗಂಭೀರವಾಗಿಯೇ ಕೇಳಿಬಂದಿದೆ. ಇದನ್ನು ಕಲಮುಗಳನ್ನು ಓದಿ ಚರ್ಚಿಸಬಲ್ಲವರು ನಮ್ಮಲ್ಲಿ ಎಷ್ಟು ಜನರಿದ್ದಾರೆ?

ಭದ್ರತೆ ಎಂದರೆ ಗಡಿಯ ಭದ್ರತೆ ಮಾತ್ರವೂ ಅಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಡಾ. ಎಂ.ಎಂ. ಕಲಬುರ್ಗಿಯವರಿಗೆ ಗುಂಡು ಹಾರಿಸಿದವರು ಯಾವ ಗಡಿಯನ್ನೂ ದಾಟಿ ಬರಬೇಕಾಗಿರಲಿಲ್ಲ. ವಚನಗಳನ್ನು ಸಂಶೋಧಿಸಿದ ಹಿರಿಯರೊಬ್ಬರು ತಮ್ಮ ಮನೆಬಾಗಿಲಲ್ಲಿ ಸುರಕ್ಷಿತರಲ್ಲದ ದೇಶದಲ್ಲಿ, ಯಾರ ಭದ್ರತೆ, ಯಾರಿಂದ ಭದ್ರತೆ ಎಂದು ಕೇಳುವವರು ಭದ್ರತೆಯ ಕಚೇರಿಗಳ ಒಳಗೂ ಇರಬೇಕು.

ಮೂರು ಆಕ್ಷೇಪಗಳು

ದಯೆಯನ್ನು ಬೋಧಿಸಿದ ಶರಣರ ಅನುಯಾಯಿಗಳು ಯುದ್ಧದ ವಿದ್ಯೆ ಕಲಿಯಬೇಕೇ ಎಂದು ಕೆಲವು ಹಿರಿಯರು ಕೇಳಬಹುದು. ಈ ವಿದ್ಯೆಯಲ್ಲಿ ದಾಳಿಯ ಭಾಗವೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶ ಇರಾನಿನ ಅಣುಸ್ಥಾವರದ ಯಂತ್ರಗಳನ್ನೇ ಕೆಡಿಸಿತು. ಆದರೆ ಇಂಥ ಆಯುಧಕ್ಕೆ ಮಿತಿ ಹಾಕಬೇಕಾದರೆ, ಆಸ್ಪತ್ರೆ, ನೀರು, ವಿದ್ಯುತ್ತಿನ ಮೇಲೆ ದಾಳಿ ಮಾಡಬಾರದೆಂಬ ಕಟ್ಟಳೆ ಬೇಕಾದರೆ, ಅದನ್ನು ವಾದಿಸುವವರು ಆ ಮೇಜಿನ ಮುಂದೆ ಕುಳಿತಿರಬೇಕು. ದಯೆಯುಳ್ಳವರು ಎದ್ದುಹೋದರೆ ಕುರ್ಚಿ ಖಾಲಿ ಉಳಿಯುವುದಿಲ್ಲ.

ಎರಡನೆಯದು ಉದ್ಯೋಗದ ಪ್ರಶ್ನೆ. ಬಡ ತಂದೆತಾಯಿ ಇದನ್ನು ಕೇಳುವುದು ನ್ಯಾಯವೇ. ಸಾಫ್ಟ್‌ವೇರ್ ಕಂಪನಿಯಂತೆ ಕ್ಯಾಂಪಸ್ಸಿಗೆ ಬಂದು ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಕ್ಷೇತ್ರ ಇದಲ್ಲ. ಆದರೆ ಬ್ಯಾಂಕುಗಳು, ಆಸ್ಪತ್ರೆ ಸಮೂಹಗಳು, ವಿದ್ಯುತ್ ಕಂಪನಿಗಳು, ತನಿಖಾ ಸಂಸ್ಥೆಗಳು, ಪ್ರತಿ ಜಿಲ್ಲೆಯ ಸಿ.ಇ.ಎನ್. ಠಾಣೆಗಳು, ವಕೀಲಿ ಕಚೇರಿಗಳು, ಎಲ್ಲೆಡೆ ಕಾನೂನನ್ನೂ ತಂತ್ರಜ್ಞಾನವನ್ನೂ ಬಲ್ಲವರು ಬೇಕಾಗಿದ್ದಾರೆ. ಹೊಸ ಕಾಯ್ದೆ ಬಂದ ಮೇಲೆ ಈ ಅಗತ್ಯ ಇನ್ನೂ ಹೆಚ್ಚುತ್ತದೆ. ಬರೀ ಇಂಜಿನಿಯರಿಂಗ್ ಓದಿದವನಿಗಿಂತ, ಬರೀ ಕಾನೂನು ಓದಿದವನಿಗಿಂತ ಎರಡನ್ನೂ ಕೂಡಿಸಬಲ್ಲವನಿಗೆ ಬೆಲೆ ಹೆಚ್ಚು.

ಮೂರನೆಯದು ಬಾಯಿಬಿಟ್ಟು ಹೇಳದ ಆಕ್ಷೇಪ: ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ? ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ಪ್ರಶ್ನಿಸಿ, ಅವಳ ಉತ್ತರ ಕೇಳಿ ತಲೆಬಾಗಿದ ಪರಂಪರೆಯವರು ಹೀಗೆ ಕೇಳಬಾರದು. ಜಾಲತಾಣದಲ್ಲಿ ಚಿತ್ರ ತಿರುಚಿ ಬೆದರಿಸುವವರಿಗೆ ಹೆಚ್ಚು ಬಲಿಯಾಗುತ್ತಿರುವವರು ಹೆಣ್ಣುಮಕ್ಕಳು. ಆ ನೋವು ಬಲ್ಲವರು ನಿಯಮ ಬರೆಯುವ ಜಾಗದಲ್ಲಿರಬೇಕು.

ಎಲ್ಲಿ ಓದಬಹುದು?

ಇದಕ್ಕಾಗಿ ಎಲ್ಲರೂ ವಿಮಾನ ಹತ್ತಬೇಕಾಗಿಲ್ಲ. ಸಂಸತ್ತು 2020ರಲ್ಲಿ ಎರಡು ವಿಶ್ವವಿದ್ಯಾಲಯಗಳನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಗಳೆಂದು ಕಾಯ್ದೆ ಮಾಡಿ ಸ್ಥಾಪಿಸಿತು. ಎರಡರ ಕೇಂದ್ರವೂ ಗುಜರಾತಿನ ಗಾಂಧಿನಗರ. ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯ ಶಿವಮೊಗ್ಗದಲ್ಲಿ ಕ್ಯಾಂಪಸ್ ತೆರೆದಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಧಾರವಾಡಕ್ಕೆ ಬಂದಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಭದ್ರತೆಯ ಕುರಿತು ಸಂಶೋಧನೆ ನಡೆಯುತ್ತದೆ. ಮಣಿಪಾಲದಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವಿದೆ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ರಾಷ್ಟ್ರೀಯ ಭದ್ರತಾ ಅಧ್ಯಯನದ ವಿಶೇಷ ಕೇಂದ್ರವಿದೆ. ಹೊರದೇಶದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಯುದ್ಧ ಅಧ್ಯಯನ ವಿಭಾಗ ಹೆಸರುವಾಸಿ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಸೈಬರ್ ಭದ್ರತೆ ಮತ್ತು ಸಾರ್ವಜನಿಕ ನೀತಿ ಎರಡನ್ನೂ ಒಂದೇ ಪದವಿಯಲ್ಲಿ ಕಲಿಸುತ್ತಾರೆ. ಪದವಿಯಲ್ಲಿ ಕಲೆ, ಕಾನೂನು, ವಾಣಿಜ್ಯ ಓದಿದವರಿಗೂ ನೀತಿಯ ಅಧ್ಯಯನದಲ್ಲಿ ದಾರಿಗಳಿವೆ. ಇದನ್ನು ನಮ್ಮ ಗ್ರಾಮೀಣ ಕಾಲೇಜುಗಳ ಮಕ್ಕಳಿಗೆ ಯಾರೂ ಹೇಳಿಲ್ಲ, ಅಷ್ಟೇ.

ಮಠಗಳು, ಸಂಸ್ಥೆಗಳು ಏನು ಮಾಡಬಹುದು?

ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಧಾರವಾಡ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿ ಎಷ್ಟೋ ಬಡ ವಿದ್ಯಾರ್ಥಿಗಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟರು. ಆ ದಾರಿಯಲ್ಲೇ ಇನ್ನೊಂದು ಹೆಜ್ಜೆ ಬೇಕು.

ಪ್ರತಿ ದೊಡ್ಡ ಮಠ ಅಥವಾ ವಿದ್ಯಾಸಂಸ್ಥೆ ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನಾದರೂ ಈ ಸ್ನಾತಕೋತ್ತರ ಅಧ್ಯಯನಕ್ಕೆ ಪೂರ್ಣ ವೆಚ್ಚ ಕೊಟ್ಟು ಕಳಿಸಲಿ. ಒಂದು ಜಾತ್ರೆಯ ಪಟಾಕಿ, ಫ್ಲೆಕ್ಸು, ಹಾರತುರಾಯಿಗಳ ಖರ್ಚು ಉಳಿಸಿದರೆ ಇದಕ್ಕೆ ಸಾಕಾದೀತು. ಆ ವಿದ್ಯಾರ್ಥಿವೇತನ ನಮ್ಮ ಒಳಪಂಗಡದವರಿಗೆ ಮಾತ್ರ ಎಂದು ಮಾತ್ರ ಆಗಬಾರದು. ಅನುಭವ ಮಂಟಪದಲ್ಲಿ ಮಾದಾರ, ಅಂಬಿಗ, ಮಡಿವಾಳ, ಸೂಳೆಯೆನಿಸಿಕೊಂಡವಳು ಎಲ್ಲರೂ ಕುಳಿತರು. ನೂರೆಂಟು ಕಾಯಕದವರ ಮಕ್ಕಳಿಗೆಲ್ಲ ಆ ಬಾಗಿಲು ತೆರೆದಿರಲಿ. ವಾಪಸು ಬಂದವರು ಎರಡು ವರ್ಷವಾದರೂ ನಾಡಿನ ಸಹಕಾರಿ ಸಂಘಗಳಿಗೆ, ಆಸ್ಪತ್ರೆಗಳಿಗೆ ಸಲಹೆ ಕೊಡುವ ಶರತ್ತಿರಲಿ. ಅದೇ ಅವರ ದಾಸೋಹ.

ನಮ್ಮ ಸಂಸ್ಥೆಗಳಲ್ಲಿ ಕಾನೂನು ಕಾಲೇಜುಗಳೂ ಇವೆ, ಇಂಜಿನಿಯರಿಂಗ್ ಕಾಲೇಜುಗಳೂ ಇವೆ. ಎಷ್ಟೋ ಕಡೆ ಎರಡೂ ಒಂದೇ ಊರಿನಲ್ಲಿವೆ, ಆದರೆ ಪ್ರಾಧ್ಯಾಪಕರು ಪರಸ್ಪರ ಮುಖ ನೋಡಿಲ್ಲ. ಇವು ಕೂಡಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಆರಂಭಿಸಬಹುದು. ಪಠ್ಯ ಕನ್ನಡದಲ್ಲೂ ಇರಬೇಕು. ಸಂಸ್ಕೃತದಲ್ಲಿ ಬಚ್ಚಿಟ್ಟ ಅಧ್ಯಾತ್ಮವನ್ನು ತಿಳಿಗನ್ನಡಕ್ಕೆ ತಂದವರು ಶರಣರು. ಇಂದು ಇಂಗ್ಲಿಷಿನಲ್ಲಿ ಬಚ್ಚಿಟ್ಟುಕೊಂಡ ಈ ಕಾನೂನುಗಳನ್ನು ಜನರ ಮಾತಿಗೆ ತರುವುದೂ ಅದೇ ಕೆಲಸದ ಮುಂದುವರಿಕೆ.

ಮಾಸಿಕ ಶಿವಾನುಭವ ಗೋಷ್ಠಿಗಳಲ್ಲಿ ವರ್ಷಕ್ಕೆ ಒಂದೆರಡನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ. ಮೋಸ ಹೋದ ತಕ್ಷಣ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಸಿಗುವ ಸಾಧ್ಯತೆ ಕಡಿಮೆ ಎಂಬುದನ್ನು ಪ್ರತಿ ಮನೆಯ ಅಜ್ಜ-ಅಜ್ಜಿಗೆ ತಿಳಿಸಲಿ. ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಅಪರಿಚಿತರಿಗೆ ಬಳಸಲು ಕೊಡುವ ಹುಡುಗರಿಗೆ, ಅದು ಕಳ್ಳನ ಜೋಳಿಗೆ ಹಿಡಿದಂತೆ, ಕಾಯಕವಲ್ಲ ಎಂದು ಪೂಜ್ಯರೇ ಹೇಳಿದರೆ ಪೊಲೀಸರ ಪ್ರಕಟಣೆಗಿಂತ ಹೆಚ್ಚು ನಾಟುತ್ತದೆ. ಇದರ ಜೊತೆಗೆ ನಮ್ಮ ಪ್ರತಿ ಶಾಲೆ, ಆಸ್ಪತ್ರೆ, ಸಹಕಾರಿ ಸಂಘದಲ್ಲಿ ಮಾಹಿತಿಯ ಹೊಣೆ ಹೊತ್ತ ಒಬ್ಬರಿರಲಿ. ಬೇಡದ ದಾಖಲೆಯನ್ನು ಅಳಿಸುವ, ಕೇಳಿದವರಿಗೆ ಲೆಕ್ಕ ಕೊಡುವ ಪದ್ಧತಿ ಬರಲಿ.

ನಮ್ಮ ಸಮಾವೇಶಗಳಲ್ಲಿ ಎಷ್ಟು ಶಾಸಕರು, ಎಷ್ಟು ಮಂತ್ರಿಗಳು ಎಂಬ ಲೆಕ್ಕ ತಪ್ಪದೆ ನಡೆಯುತ್ತದೆ. ಕಾನೂನನ್ನು ಮಂಡಿಸುವವರ ಲೆಕ್ಕ ಇಟ್ಟವರು, ಅದರ ಕರಡನ್ನು ಬರೆಯುವವರು, ಬರೆದದ್ದನ್ನು ಪ್ರಶ್ನಿಸುವವರು ಎಷ್ಟು ಜನ ನಮ್ಮಿಂದ ಬಂದಿದ್ದಾರೆ ಎಂದೂ ಎಣಿಸಬೇಕು. ಕುರ್ಚಿ ಐದು ವರ್ಷದ್ದು. ಒಂದು ಒಳ್ಳೆಯ ನಿಯಮ ತಲೆಮಾರುಗಳನ್ನು ಕಾಯುತ್ತದೆ, ಒಂದು ಕೆಟ್ಟ ನಿಯಮ ತಲೆಮಾರುಗಳನ್ನು ಕಾಡುತ್ತದೆ.

ಮಾಚಿದೇವರು ವಚನದ ಕಟ್ಟುಗಳಿಗೆ ಕಾವಲು ನಿಂತದ್ದು ಶಸ್ತ್ರದ ಬಲದಿಂದ ಮಾತ್ರವಲ್ಲ, ಆ ಕಟ್ಟಿನಲ್ಲಿ ಏನಿದೆ ಎಂಬ ಅರಿವಿನಿಂದ. ಏನನ್ನು ಕಾಯುತ್ತಿದ್ದೇವೆಂದು ಅರಿಯದ ಕಾವಲು ಬಿಜ್ಜಳನ ಕಾವಲಾಗುತ್ತದೆ. ಅರಿತ ಕಾವಲು ಶರಣರ ಕಾಯಕವಾಗುತ್ತದೆ. ಬರುವ ಶೈಕ್ಷಣಿಕ ವರ್ಷದಿಂದಲೇ ಒಂದಿಬ್ಬರು ಮಕ್ಕಳನ್ನಾದರೂ ಈ ಕಾಯಕಕ್ಕೆ ಸಿದ್ಧಗೊಳಿಸಲು ಪೂಜ್ಯರು, ಸಂಸ್ಥೆಗಳ ಹಿರಿಯರು, ಸಮಾಜ ಬಾಂಧವರು ಮನಸ್ಸು ಮಾಡಬೇಕೆಂದು ವಿನಂತಿಸುತ್ತೇನೆ.